ಅಜ್ಜಿಯ ಕೋಣೆಯಲ್ಲಿ ಅಡಿಕೆ ಮೂಟೆ

ಪ್ರೀತಿಯ ಮಗಳೇ,

ಮಾರ್ಚ್ ರಜೆಯಲ್ಲಿ ಡ್ರೆಸ್ಡನ್‌ನಿಂದ ಟ್ಯೂಬಿಂಗನ್‌ಗೆ ಹೋಗಿ ಎರಡು ದಿನ ಇದ್ದು ಬರುತ್ತೇನೆ, ನೀನು ಓದಿದ ಊರಿನಲ್ಲಿ ಏನೇನು ನೋಡಬೇಕೆಂದು ಪಟ್ಟಿ ಮಾಡಿ ಕಳುಹಿಸು ಎಂದು ನೀನು ಕೇಳಿದ್ದೆ. ಪಟ್ಟಿ ಬರೆಯಲು ಕುಳಿತು ಮೂರು ದಿನವಾಯಿತು. ಸೇತುವೆ, ಗೋಪುರ, ಕೋಟೆಯ ಅಡುಗೆಮನೆ ಎಂದು ಬರೆದ ಚೀಟಿ ಮೇಜಿನ ಮೇಲೆಯೇ ಬಿದ್ದಿದೆ. ನಾಲ್ಕನೆಯದಾಗಿ ಬರೆಯಬೇಕಾದದ್ದು ಚೀಟಿಯಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಈ ಪತ್ರ.

ಮೊದಲೇ ಒಂದು ಮಾತು. ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಸುದ್ದಿ ಇದರಲ್ಲಿ ಇದೆ. ಅಪ್ಪನ ಆರೋಗ್ಯದ ಸುದ್ದಿ. ಅವರು ಈಗ ಚೆನ್ನಾಗಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಜಗಲಿಯಲ್ಲಿ ಕುಳಿತು ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದಾರೆ. ಗಾಬರಿಯಾಗಬೇಡ. ಮುಚ್ಚಿಡುವುದು ತಪ್ಪೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ಹಾಗೇಕೆ ಮಾಡಿದೆ ಎಂದು ಹೇಳಲು ಟ್ಯೂಬಿಂಗನ್‌ನಿಂದಲೇ ಶುರು ಮಾಡಬೇಕು.

ನಾನು ಅಲ್ಲಿಗೆ ಹೋದದ್ದು 1994ರ ಅಕ್ಟೋಬರ್‌ನಲ್ಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ವರ್ಷ ಕಲಿತ ಜರ್ಮನ್ ಭಾಷೆ ನನ್ನ ಬಳಿ ಇತ್ತು. ಆದರೆ ಟ್ಯೂಬಿಂಗನ್ ಇರುವುದು ಷ್ವಾಬಿಯಾ ಸೀಮೆಯಲ್ಲಿ, ಅಲ್ಲಿನವರು ಆಡುವ ಮಾತೇ ಬೇರೆ. ಪುತ್ತೂರಿನ ಹುಡುಗಿ ಮೊದಲ ಸಲ ಧಾರವಾಡದ ಸಂತೆಗೆ ಹೋಗಿ ನಿಂತಂತಾಯಿತು ನನ್ನ ಪಾಡು. ಮೊದಲ ಶನಿವಾರ ಮಧ್ಯಾಹ್ನ ಮೂರಕ್ಕೆ ಅಕ್ಕಿ ತರಲು ಹೊರಟರೆ ಊರಿಗೆ ಊರೇ ಬಾಗಿಲು ಹಾಕಿತ್ತು. ಆಗಿನ ಕಾನೂನಿನಂತೆ ಶನಿವಾರ ಎರಡು ಗಂಟೆಗೆ ಅಂಗಡಿಗಳನ್ನು ಮುಚ್ಚಬೇಕಿತ್ತು, ಮತ್ತೆ ತೆರೆಯುವುದು ಸೋಮವಾರವೇ. ಆ ಎರಡು ದಿನ ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿಯಲ್ಲಿಯೇ ಕಳೆದೆ. ಅವಲಕ್ಕಿ ಖರ್ಚಾಗಿ ಹೋಯಿತಲ್ಲ ಎಂದು ಸಂಕಟಪಟ್ಟದ್ದು ಇನ್ನೂ ನೆನಪಿದೆ.

ನೀನು ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತರೆ ಎಡಗಡೆ ದ್ವೀಪದಂತಹ ಜಾಗದಲ್ಲಿ ಎತ್ತರದ ಮರಗಳ ಸಾಲು ಕಾಣಿಸುತ್ತದೆ. ಬಲಗಡೆ ನೀರಿಗೆ ತಾಗಿಕೊಂಡಂತೆ ಒಂದು ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸಿನ ಸ್ತಿಮಿತ ಕಳೆದುಕೊಂಡ ಮೇಲೆ ಒಬ್ಬ ಬಡಗಿಯ ಮನೆಯವರ ಆರೈಕೆಯಲ್ಲಿ 36 ವರ್ಷ ಬದುಕಿದ್ದು ಅಲ್ಲಿ. ಅವನು ತೀರಿಕೊಂಡದ್ದು 1843ರ ಜೂನ್‌ನಲ್ಲಿ. ಅದರ ಮರು ತಿಂಗಳು, ಜುಲೈ 1ರಂದು, ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಓದಿದ್ದ ಹರ್ಮನ್ ಮೋಗ್ಲಿಂಗ್ ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಆ ಸೇತುವೆಯ ಮೇಲೆ ನಿಂತಾಗಲೆಲ್ಲ ಎರಡನ್ನೂ ಒಟ್ಟಿಗೆ ನೆನೆಯುತ್ತಿದ್ದೆ. ಊರು ಅಷ್ಟು ದೂರವಿಲ್ಲ ಎಂದು ಸ್ವಲ್ಪ ಹೊತ್ತಾದರೂ ಅನಿಸುತ್ತಿತ್ತು.

ಕಿಟ್ಟೆಲ್ ಕೂಡ ಅಲ್ಲಿಯವರೇ ಆಗಿ ಹೋದರು. ಹುಟ್ಟಿದ್ದು ಉತ್ತರದ ಸಮುದ್ರತೀರದಲ್ಲಿ, ಆದರೆ ಕೊನೆಯ ವರ್ಷಗಳನ್ನು ಟ್ಯೂಬಿಂಗನ್‌ನಲ್ಲಿ ಕಳೆದು 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂತು, ಎರಡು ವರ್ಷದ ಬಳಿಕ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಮೊದಲ ಚಳಿಗಾಲದಲ್ಲಿ ನಾನು ಶನಿವಾರ ಗ್ರಂಥಾಲಯಕ್ಕೆ ಹೋಗಿ ಆ ದಪ್ಪ ಪುಸ್ತಕವನ್ನು ತೆಗೆಸಿಕೊಂಡು ಕುಳಿತುಕೊಳ್ಳುತ್ತಿದ್ದೆ. ಅರ್ಥ ಹುಡುಕುವುದಕ್ಕಲ್ಲ. ಕಿಟ್ಟೆಲ್ ಪದಗಳ ಜೊತೆಗೆ ಗಾದೆಗಳನ್ನೂ ಕೊಟ್ಟಿದ್ದಾರೆ. ಅವುಗಳನ್ನು ತುಟಿ ಅಲುಗಿಸಿಕೊಂಡು ಓದುತ್ತಿದ್ದೆ. ಕೆಲವು ನನ್ನ ಅಜ್ಜಿಯ ಬಾಯಿಯಲ್ಲಿ ಕೇಳಿದವು. ಇಡೀ ವಾರದಲ್ಲಿ ಕನ್ನಡ ನನ್ನ ನಾಲಗೆಯ ಮೇಲೆ ಬರುತ್ತಿದ್ದದ್ದು ಆ ಎರಡು ಗಂಟೆ ಮಾತ್ರ. ನಿನಗೆ ಈಗ ದಿನಕ್ಕೆ ಮೂರು ಸಲ ನಾನು ಫೋನಿನಲ್ಲಿ ಸಿಗುತ್ತೇನೆ, ಅದರಿಂದ ಇದು ವಿಚಿತ್ರವೆನಿಸಬಹುದು.

ನಾನು ಬಾಡಿಗೆಗೆ ಇದ್ದದ್ದು ಲುಸ್ಟ್ನೌ ಎಂಬಲ್ಲಿ, ಊರಿನ ಪೂರ್ವದ ಅಂಚಿನಲ್ಲಿ. ಮೂರು ಮಹಡಿಯ ಹಳೆಯ ಮನೆ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ವಿಧವೆ. ಮಹಡಿಯಲ್ಲಿ ನಾವು ಮೂವರು ವಿದ್ಯಾರ್ಥಿನಿಯರು. ಹೋದ ಎರಡನೆಯ ವಾರ ನನ್ನ ಬಾಗಿಲಿನ ಮೊಳೆಗೆ ಒಂದು ಚಿಕ್ಕ ಮರದ ಹಲಗೆ ನೇತುಬಿದ್ದಿತ್ತು. ಕೇರ್‌ವೊಖೆ ಎಂದು ಬರೆದಿತ್ತು. ಗುಡಿಸುವ ವಾರ. ಹಲಗೆ ಯಾರ ಬಾಗಿಲಿನಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು, ಹಿಡಿಗಂಬಿಯ ಧೂಳು ತೆಗೆಯುವುದು ಅವರ ಪಾಲಿಗೆ. ಮುಗಿದ ಮೇಲೆ ಹಲಗೆಯನ್ನು ಪಕ್ಕದವರ ಬಾಗಿಲಿಗೆ ತಗಲಿಸಬೇಕು. ನಾನು ಊರಿನಲ್ಲಿ ಹಿಡಿಸೂಡಿಯಿಂದ ಅಂಗಳ ಗುಡಿಸಿ ಬೆಳೆದವಳು, ಇದೇನು ಮಹಾ ಎಂದುಕೊಂಡು ಕೆಳಗಿನಿಂದ ಮೇಲಕ್ಕೆ ಒರೆಸಿಕೊಂಡು ಹೋದೆ. ಮನೆಯೊಡತಿ ಬಂದು ನೋಡಿದಳು. ಒಂದು ಮಾತನ್ನೂ ಆಡದೆ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಮೇಲಿನ ಮೆಟ್ಟಿಲಿಗೆ ಹತ್ತಿದಳು. ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿ ಮೆಟ್ಟಿಲಿನ ಮೂಲೆಯೊಳಕ್ಕೆ ಒತ್ತಿ ತಿರುಗಿಸಿದಳು. ಅಲ್ಲಿಂದ ಕಪ್ಪು ಎಳೆಯಂತಹ ಕೊಳೆ ಹೊರಬಂತು. ಹಾಗೆ ಒಂದೊಂದೇ ಮೆಟ್ಟಿಲು ಇಳಿದಳು. ಇಂದಿಗೂ ನಮ್ಮ ಮನೆಯ ಮೆಟ್ಟಿಲನ್ನು ನಾನು ಹಾಗೆಯೇ ಒರೆಸುತ್ತೇನೆ. ನೀನು ಚಿಕ್ಕವಳಿರುವಾಗ “ಅಮ್ಮ ಮೆಟ್ಟಿಲಿನ ಕಿವಿ ತೊಳೆಯುತ್ತಾಳೆ” ಎನ್ನುತ್ತಿದ್ದೆ.

ಪ್ರಯೋಗಾಲಯ ಇದ್ದದ್ದು ಗುಡ್ಡದ ಮೇಲೆ, ಮೋರ್ಗೆನ್‌ಷ್ಟೆಲೆಯಲ್ಲಿ. ನನ್ನ ಕೆಲಸ ಒಂದು ಪ್ರೋಟೀನನ್ನು ಬೇರೆ ಪ್ರೋಟೀನುಗಳಿಂದ ಬೇರ್ಪಡಿಸಿ ಶುದ್ಧಮಾಡುವುದು. ಪ್ರೋಟೀನು ಕೆಡಬಾರದೆಂದು ಅದನ್ನು 4 ಡಿಗ್ರಿಯ ಶೀತಕೋಣೆಯಲ್ಲಿ ಮಾಡುತ್ತಾರೆ. ಹೊರಗೆ ಹಿಮ, ಒಳಗೂ ಅದೇ ಚಳಿ. ನಾಲ್ಕೂವರೆಗೆ ಕತ್ತಲಾಗುತ್ತಿತ್ತು. ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಬೀಳುವುದನ್ನು ಸಣ್ಣ ಕೊಳವೆಗಳಲ್ಲಿ ಹಿಡಿದು ಒಂದೊಂದನ್ನೂ ಅಳೆಯಬೇಕು. ಜನವರಿ ಇಡೀ ಅಳೆದೆ. ನನಗೆ ಬೇಕಾದ ಪ್ರೋಟೀನು ಬರಬೇಕಾದ ಕೊಳವೆಯಲ್ಲಿ ಬರಲೇ ಇಲ್ಲ. ಆ ಅಂಕಿಗಳನ್ನು ನೋಟ್‌ಪುಸ್ತಕಕ್ಕೆ ಏರಿಸಲು ನಾಚಿಕೆಯಾಗಿ, ಸರಿಬಂದ ಮೇಲೆ ಚೆನ್ನಾಗಿ ಬರೆಯೋಣ ಎಂದು ಬಿಡಿ ಹಾಳೆಗಳಲ್ಲಿ ಗೀಚಿ ಡ್ರಾಯರಿಗೆ ತುರುಕುತ್ತಿದ್ದೆ.

ಒಂದು ಸಂಜೆ ನನ್ನ ಪ್ರೊಫೆಸರ್ ಅದನ್ನು ನೋಡಿದರು. ಬೈಯಲಿಲ್ಲ. ಹಾಳೆಗಳನ್ನು ಎಣಿಸಿದರು, ಹನ್ನೊಂದು ಇದ್ದವು. ಗೋಂದು ತರಿಸಿ, ನೀರಿನ ಕಲೆಯಿದ್ದದ್ದನ್ನೂ ಬಿಡದೆ ಒಂದೊಂದನ್ನೇ ನನ್ನ ಪುಸ್ತಕದಲ್ಲಿ ಅಂಟಿಸಿ, ಪ್ರತಿಯೊಂದರ ಅಂಚಿನಲ್ಲಿ ಅಂದಿನ ದಿನಾಂಕ ಹಾಕಿ ಸಹಿ ಮಾಡಿದರು. ಆಮೇಲೆ ನಿಯಮ ಹೇಳಿದರು. ಶಾಯಿಯಲ್ಲಿಯೇ ಬರೆಯಬೇಕು. ಹಾಳೆ ಹರಿಯಬಾರದು. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಕ್ಷರ ಓದಲು ಬರುವಂತೆ.

ಏಪ್ರಿಲ್‌ನಲ್ಲಿ ಆ ಹನ್ನೊಂದು ಹಾಳೆಗಳನ್ನು ಮತ್ತೆ ಓದುವಾಗ ನನಗೆ ಸಿಕ್ಕಿದ್ದು ಒಂದು ಸಣ್ಣ ಸಾಲು: “ಟ್ರಿಸ್ ದ್ರಾವಣ, ಪಿಎಚ್ 7.5, ಮೇಜಿನ ಮೇಲೆ ಅಳೆದದ್ದು.” ಪಿಎಚ್ ಎಂದರೆ ದ್ರಾವಣ ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ. ಟ್ರಿಸ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಅದು ತಾಪಮಾನ ಇಳಿದಂತೆ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.03ರಂತೆ. ಮೇಜಿನ ಮೇಲೆ 25 ಡಿಗ್ರಿಯಲ್ಲಿ 7.5 ಇದ್ದದ್ದು ಶೀತಕೋಣೆಯಲ್ಲಿ 8 ದಾಟಿರುತ್ತಿತ್ತು. ನನ್ನ ಪ್ರೋಟೀನು ಆ ಗಾಜಿನ ಕೊಳವೆಯೊಳಗೇ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡು ಕೂತಿತ್ತು, ಇಳಿದು ಬಂದಿರಲಿಲ್ಲ ಅಷ್ಟೆ. ಶೀತಕೋಣೆಯೊಳಗೇ ಅಳೆದು ದ್ರಾವಣ ಮಾಡಿದೆ. ಮೂರನೆಯ ದಿನ ಪ್ರೋಟೀನು ಬಂತು. ಆ ಹಾಳೆಗಳನ್ನು ನಾನು ಎಸೆದಿದ್ದರೆ ಮೇಜಿನ ಮೇಲೆ ಅಳೆದೆ ಎಂಬುದೇ ನನಗೆ ನೆನಪಿರುತ್ತಿರಲಿಲ್ಲ.

ಕೋಟೆಗೆ ಹೋದಾಗ ಹಳೆಯ ಅಡುಗೆಮನೆಯನ್ನು ತಪ್ಪದೆ ನೋಡು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಇಪ್ಪತ್ತೈದರೊಳಗಿನ ಹುಡುಗ ಅಲ್ಲಿನ ಪ್ರಯೋಗಾಲಯದಲ್ಲಿ, ಆಸ್ಪತ್ರೆಯಿಂದ ತಂದ ಕೀವು ಹತ್ತಿದ ಬ್ಯಾಂಡೇಜುಗಳನ್ನು ತೊಳೆದು, ಜೀವಕೋಶದ ನಡುವಿನಿಂದ ಒಂದು ಹೊಸ ವಸ್ತುವನ್ನು ತೆಗೆದ. ನಾವು ಈಗ ಡಿಎನ್‌ಎ ಎನ್ನುವುದು ಅದನ್ನೇ. ಅವನ ಗುರು ಹೊಪೆ-ಸೈಲರ್ ಅದನ್ನು ಸುಮ್ಮನೆ ನಂಬಲಿಲ್ಲ. ಪ್ರಯೋಗಗಳನ್ನು ತಾನೇ ಮತ್ತೆ ಮಾಡಿ ನೋಡಿ, ಸರಿಯೆನಿಸಿದ ಮೇಲೆಯೇ 1871ರಲ್ಲಿ ಪ್ರಕಟಿಸಿದ. ನಾನು ಆ ಕೋಣೆಗೆ ಮೊದಲು ಹೋದಾಗ ನನ್ನ ಹನ್ನೊಂದು ಹಾಳೆಗಳು ಇನ್ನೂ ಬಗೆಹರಿದಿರಲಿಲ್ಲ. ಗೋಡೆಗೆ ಒರಗಿ ತುಂಬಾ ಹೊತ್ತು ನಿಂತಿದ್ದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಆ ತಿಂಗಳುಗಳಲ್ಲಿ ನಾನು ಮನೆಗೆ ಬರೆದ ಪತ್ರಗಳಲ್ಲಿ ಏನಿತ್ತು ಗೊತ್ತೇ? ಪ್ರಯೋಗ ಚೆನ್ನಾಗಿ ನಡೆಯುತ್ತಿದೆ. ಪ್ರೊಫೆಸರಿಗೆ ನನ್ನ ಮೇಲೆ ಮೆಚ್ಚುಗೆ. ಹಿಮ ನೋಡಲು ಬಹಳ ಚೆಂದ. ಊಟಕ್ಕೇನೂ ತೊಂದರೆಯಿಲ್ಲ. ಶೀತಕೋಣೆಯಲ್ಲಿ ಅತ್ತದ್ದರ ಬಗ್ಗೆ ಒಂದು ಅಕ್ಷರವಿಲ್ಲ. ಅಮ್ಮನ ನೀಲಿ ಏರೋಗ್ರಾಂ ಎರಡು ವಾರಕ್ಕೊಮ್ಮೆ ಬರುತ್ತಿತ್ತು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು. ಕೊನೆಗೆ ಮಡಚುವ ಅಂಚಿನಲ್ಲಿ ಇಕ್ಕಟ್ಟಾಗಿ, ಅಜ್ಜಿ ಕೇಳಿದಳೆಂದು ಹೇಳಲು ಹೇಳಿದ್ದಾಳೆ, ತಲೆಗೆ ಎಣ್ಣೆ ಹಾಕಿಕೊಳ್ಳಬೇಕಂತೆ. ಆ ಅಂಚಿನ ಸಾಲು ಜನವರಿಯ ನಂತರ ನಿಂತಿತ್ತು. ಜಾಗ ಸಾಲದೆ ಬರೆದಿಲ್ಲ ಎಂದುಕೊಂಡಿದ್ದೆ.

ಮೇ ತಿಂಗಳ ಪತ್ರದಲ್ಲಿ ಅಡಿಕೆಯ ವಿಷಯವಿತ್ತು. ಈ ಸಲ ಬೆಳೆ ಚೆನ್ನಾಗಿದೆ, ಮಳೆ ಬೇಗ ಬರುವಂತಿದೆ. ಅದರ ಮುಂದಿನ ಸಾಲು: “ಸುಲಿದ ಅಡಿಕೆಯನ್ನು ಮೂಟೆ ಕಟ್ಟಿ ಅಜ್ಜಿಯ ಕೋಣೆಯಲ್ಲಿ ಇಟ್ಟಿದ್ದೇವೆ.”

ಅಜ್ಜಿಯ ಕೋಣೆ ನೀನು ನೋಡಿಲ್ಲ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ. ಒಂದು ಮಂಚ, ಒಂದು ಮರದ ಪೆಟ್ಟಿಗೆ. ಅಲ್ಲಿ ಮೂಟೆ ಇಡಬೇಕಾದರೆ ಮಂಚ ತೆಗೆಯಬೇಕು.

ಆ ಪತ್ರ ಓದಿದ್ದು ಮೆಟ್ಟಿಲಿನ ಮೇಲೆ, ಹಲಗೆ ನನ್ನ ಬಾಗಿಲಿನಲ್ಲಿದ್ದ ವಾರ, ಒದ್ದೆ ಬಟ್ಟೆ ಪಕ್ಕದಲ್ಲಿಟ್ಟುಕೊಂಡು. ಹಾಗೆಯೇ ಎದ್ದು ಬೀದಿಯ ತುದಿಯ ಟೆಲಿಫೋನ್ ಗೂಡಿಗೆ ಹೋದೆ. ಹನ್ನೆರಡು ಮಾರ್ಕಿನ ಕಾರ್ಡು, ಅದರಲ್ಲಿ 40 ಯೂನಿಟ್. ನಮ್ಮ ಮನೆಗೆ ಆಗ ಫೋನ್ ಬಂದಿರಲಿಲ್ಲ. ಪಕ್ಕದ ತೋಟದ ಮನೆಗೆ ಮಾಡಿ, ಅಮ್ಮನನ್ನು ಕರೆಯಲು ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕಿತ್ತು. ಅಮ್ಮ ಓಡಿ ಬಂದು ಏದುಸಿರು ಬಿಡುತ್ತಾ “ಏನಾಯಿತು?” ಎಂದಳು. “ಅಜ್ಜಿ ಯಾವಾಗ ಹೋದಳು?” ಎಂದು ಕೇಳಿದೆ. ಆ ಕಡೆ ಮಾತಿಲ್ಲ. ಸಣ್ಣ ಪರದೆಯಲ್ಲಿ ಅಂಕಿ ಇಳಿಯುತ್ತಲೇ ಇತ್ತು, 22, 21, 20. ಹದಿನಾಲ್ಕಕ್ಕೆ ಬಂದಾಗ ಅಮ್ಮ ಹೇಳಿದಳು. ಜನವರಿಯಲ್ಲಿ. ಮಕರ ಸಂಕ್ರಾಂತಿ ಕಳೆದು ನಾಲ್ಕನೆಯ ದಿನ. ನಿದ್ದೆಯಲ್ಲಿಯೇ. “ನೀನು ಅಲ್ಲಿ ಒಬ್ಬಳೇ ಕೂತು ಅಳುವುದನ್ನು ನನಗೆ ನೆನೆಸಲಿಕ್ಕೂ ಆಗಲಿಲ್ಲ” ಎಂದಳು. ಕಾರ್ಡು ಮುಗಿಯಿತು.

ನನಗೆ ಸಿಟ್ಟು ಬಂದದ್ದು ಆಮೇಲೆ. ಹದಿಮೂರು ದಿನವೂ ಮುಗಿದು, ಅಳುವವರೆಲ್ಲ ಅತ್ತು ಮುಗಿಸಿ, ಮಂಚವನ್ನೂ ತೆಗೆದ ಮೇಲೆ ನಾನು ಶುರು ಮಾಡಬೇಕಾಗಿತ್ತು. ನಾಲ್ಕು ತಿಂಗಳು ನಾನು ಇಲ್ಲದ ಅಜ್ಜಿಗೆ ನಮಸ್ಕಾರ ತಿಳಿಸು ಎಂದು ಬರೆದಿದ್ದೆ. ಅಮ್ಮ ಅದನ್ನು ಓದಿ ಎಲ್ಲಿ ಇಡುತ್ತಿದ್ದಳೋ.

ಮನೆಯೊಡತಿಗೆ ನನ್ನ ಮುಖ ನೋಡಿ ಏನು ಅರ್ಥವಾಯಿತೋ, ತನ್ನ ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ನನ್ನ ಮುರುಕು ಜರ್ಮನ್‌ನಲ್ಲಿ ಅಜ್ಜಿ ಸತ್ತಳು ಎಂದೆ. ಯಾವಾಗ ಎಂದು ಕೇಳಿದಳು. ಜನವರಿ ಎನ್ನಲು ಮನಸ್ಸಾಗದೆ “ಈಗ” ಎಂದುಬಿಟ್ಟೆ. ನನ್ನ ಪಾಲಿಗೆ ಅದು ನಿಜವೇ ಆಗಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೊಳೆಯಲ್ಲಿ ಹಲಗೆ ಇರಲಿಲ್ಲ. ಇಳಿದು ಬಂದೆ. ಕೆಳಗೆ ಅವಳ ಬಾಗಿಲಿನಲ್ಲಿ ನೇತಾಡುತ್ತಿತ್ತು. ಮೆಟ್ಟಿಲುಗಳೆಲ್ಲ ಮೂಲೆಯವರೆಗೆ ಒರೆಸಿ ಒಣಗಿದ್ದವು.

ಉಳಿದ ಮೂರು ವರ್ಷಗಳು ಚೆನ್ನಾಗಿಯೇ ಕಳೆದವು. 1995ರ ಅಕ್ಟೋಬರ್‌ನಲ್ಲಿ ನಮ್ಮೂರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಅವರಿಗೆ ನೊಬೆಲ್ ಬಂದ ದಿನ ಗುಡ್ಡದ ಮೇಲಿನ ಎಲ್ಲ ಪ್ರಯೋಗಾಲಯಗಳಲ್ಲಿಯೂ ಹಬ್ಬ. ಹಣ್ಣುನೊಣದ ಭ್ರೂಣದಲ್ಲಿ ಯಾವ ಜೀನು ಕೆಟ್ಟರೆ ದೇಹದ ಯಾವ ಭಾಗ ಕೆಡುತ್ತದೆ ಎಂದು ಸಾವಿರಾರು ನೊಣಗಳನ್ನು ನೋಡಿ ನೋಡಿ ಬರೆದಿಟ್ಟ ಕೆಲಸಕ್ಕೆ ಬಂದ ಬಹುಮಾನ ಅದು. ನಾವು ಹುಡುಗಿಯರು ಅಂದು ಗುಡ್ಡದಿಂದ ನಡೆದುಕೊಂಡೇ ಇಳಿದೆವು, ಬಸ್ಸು ಬೇಡವೆನಿಸಿತು.

1998ರಲ್ಲಿ ಡಾಕ್ಟರೇಟ್ ಮುಗಿಸಿ ಬಂದೆ. ಅಷ್ಟು ಓದಿ ಬಂದು ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಕಳೆದೆಯಲ್ಲ, ಬೇಸರವಿಲ್ಲವೇ ಎಂದು ನೀನು ಒಮ್ಮೆ ಕೇಳಿದ್ದೆ. ಬೇಸರವಾದ ದಿನಗಳಿದ್ದವು. ಆದರೆ ನನ್ನ ಕೈಗೆ ಬಂದ ಮಕ್ಕಳ ರೆಕಾರ್ಡ್ ಪುಸ್ತಕಗಳನ್ನು ನೆನೆದರೆ ಬೇಸರವಿಲ್ಲ. ನಮ್ಮಲ್ಲಿ ಪ್ರಾಕ್ಟಿಕಲ್ ತರಗತಿಯಲ್ಲಿ ಮಕ್ಕಳು ಮೊದಲು ಉತ್ತರ ಕೇಳಿಕೊಂಡು, ಅದಕ್ಕೆ ಹೊಂದುವಂತೆ ಅಳತೆಗಳನ್ನು ಬರೆಯುತ್ತಾರೆ. ಮುದ್ದಾದ ಅಕ್ಷರ, ಬಿಳಿ ಬಣ್ಣ ಬಳಿದು ಮುಚ್ಚಿದ ತಪ್ಪುಗಳು. ನಾನು ಇಪ್ಪತ್ತನಾಲ್ಕು ವರ್ಷ ಆ ಬಿಳಿ ಬಣ್ಣದೊಂದಿಗೆ ಜಗಳವಾಡಿದೆ. ತಪ್ಪು ಅಳತೆಯನ್ನು ಬಂದಂತೆಯೇ ಬರೆದು ಏಕೆ ಹೀಗಾಯಿತೆಂದು ಯೋಚಿಸಿದವರಿಗೆ ಪೂರ್ತಿ ಅಂಕ ಕೊಟ್ಟೆ. ಅದಕ್ಕಾಗಿ ಮಾತೂ ಕೇಳಬೇಕಾಯಿತು. ಪರವಾಗಿಲ್ಲ.

ಮನೆಯಲ್ಲಿಯೂ ನನ್ನ ನೋಟ್‌ಪುಸ್ತಕ ನಿನಗೆ ಗೊತ್ತಿರುವುದೇ. ಜೂನ್‌ನಿಂದ ಮಳೆಯ ಲೆಕ್ಕ, ಅಮ್ಮನ ಸಕ್ಕರೆ, ಅಪ್ಪನ ರಕ್ತದೊತ್ತಡ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ನಿನ್ನ ಜ್ವರಗಳು. ಎಲ್ಲವೂ ಶಾಯಿಯಲ್ಲಿ.

ಫೆಬ್ರವರಿ 6ರ ಪುಟದಲ್ಲಿ ಹೀಗಿದೆ: “ಬೆಳಿಗ್ಗೆ 6.40, ಕದ್ರಿ ಗುಡ್ಡದ ಮೆಟ್ಟಿಲು ಹತ್ತುವಾಗ ಇವರಿಗೆ ಎದೆ ಹಿಡಿದಂತಾಯಿತು, ಎಡಗೈ ಸೋತಿತು. 7.30 ಆಸ್ಪತ್ರೆ. ಇಸಿಜಿಯಲ್ಲಿ ವ್ಯತ್ಯಾಸ. 11ಕ್ಕೆ ಆಂಜಿಯೋಗ್ರಾಂ. ಒಂದು ರಕ್ತನಾಳದಲ್ಲಿ ಶೇ 80 ತಡೆ. ಮಣಿಕಟ್ಟಿನಿಂದಲೇ ಹೋಗಿ ಒಂದು ಸ್ಟೆಂಟ್ ಹಾಕಿದರು. ರಾತ್ರಿ 8.30, ಮಗಳ ಕರೆ. ಅಪ್ಪ ಮಲಗಿದ್ದಾರೆ ಎಂದೆ. ಐಸಿಯುನಲ್ಲಿದ್ದರು.”

ಅದನ್ನು ನಾನೇ ಬರೆದೆ, ಮಗಳೇ. ಆಸ್ಪತ್ರೆಯ ಕಾರಿಡಾರಿನಲ್ಲಿ, ನಿನ್ನ ಫೋನ್ ಇಟ್ಟ ತಕ್ಷಣ. ನಿನಗೆ ಹನ್ನೊಂದರಂದು ಪರೀಕ್ಷೆಯಿತ್ತು. ಮಗುವಿಗೆ ಈಗಲೇ ಹೇಳಬೇಡ ಎಂದು ಅಮ್ಮ ಮನೆಯಿಂದ ಎರಡು ಸಲ ಫೋನ್ ಮಾಡಿಸಿದಳು. ಮೂವತ್ತು ವರ್ಷ ನಾನು ಅಮ್ಮನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ಕಾರಿಡಾರಿನಲ್ಲಿ ಎಲ್ಲಿ ಹೋಯಿತೋ. ನೀನು ಆ ಚಳಿಯ ಊರಿನಲ್ಲಿ, ನಾಲ್ಕನೆಯ ಮಹಡಿಯ ಕೋಣೆಯಲ್ಲಿ ಒಬ್ಬಳೇ ಕುಳಿತು ಅಳುವುದು ಕಣ್ಣಿಗೆ ಕಟ್ಟಿತು, ನಾಲಗೆ ತಾನಾಗಿಯೇ ಸುಳ್ಳು ಹೇಳಿತು. ಅಮ್ಮನಿಗೆ ಆಗಿದ್ದದ್ದೂ ಇದೇ ಎಂದು ಅಂದೇ ಅರ್ಥವಾದದ್ದು.

ಪರೀಕ್ಷೆ ಮುಗಿದ ದಿನ ಹೇಳೋಣ ಎಂದುಕೊಂಡೆ. ಅಂದು ನೀನು ಗೆಳತಿಯರ ಜೊತೆ ನಗುತ್ತಿದ್ದೆ. ಆಮೇಲೆ ನಾಳೆ, ನಾಡಿದ್ದು. ಹೀಗೆ ಹತ್ತೊಂಬತ್ತು ದಿನ. ಅಪ್ಪ ಮೂರನೆಯ ದಿನವೇ ಮನೆಗೆ ಬಂದರು. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ, ಕೊಬ್ಬಿಗೆ ಒಂದು. ಬೆಳಿಗ್ಗೆ ಸಂಜೆ ಸಪಾಟು ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡಿಗೆ, ಮೆಟ್ಟಿಲು ಸದ್ಯಕ್ಕಿಲ್ಲ. ಉಪ್ಪಿನಕಾಯಿ ಇಲ್ಲದ್ದಕ್ಕೆ ಮುನಿಸಿಕೊಂಡಿದ್ದಾರೆ. ವೀಡಿಯೋ ಕರೆಯಲ್ಲಿ ಅವರು ತೋಳು ತುಂಬಾ ಇರುವ ಅಂಗಿ ಹಾಕಿಕೊಂಡು ಕುಳಿತದ್ದು ಮಣಿಕಟ್ಟಿನ ಕಂದು ಕಲೆ ನಿನಗೆ ಕಾಣಿಸಬಾರದೆಂದು. ಈ ಸೆಕೆಯಲ್ಲಿ ಅದೇಕೆ ಎಂದು ನೀನು ಕೇಳಿದೆ. ನಾನು ಮಾತು ಬದಲಿಸಿದೆ.

ಸಿಟ್ಟು ಬಂದರೆ ಬರಲಿ, ಬೈದುಬಿಡು. ಹಾಗೆಯೇ ನಿನ್ನ ಕಡೆಯದನ್ನೂ ಹೇಳು. ಕಳೆದ ವಾರ “ಎಲ್ಲ ಚೆನ್ನಾಗಿದೆ ಅಮ್ಮ” ಎನ್ನುವಾಗ ನೀನು ಪರದೆಯಿಂದ ಕಣ್ಣು ತೆಗೆದೆ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು, ನನ್ನ ಹಳೆಯ ಪತ್ರಗಳಲ್ಲಿ ತುಂಬಾ ಇದೆ. ಅಮ್ಮ ಅವನ್ನೆಲ್ಲ ದಾರ ಕಟ್ಟಿ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ.

ಲುಸ್ಟ್ನೌ ಮನೆಯ ವಿಳಾಸ ಚೀಟಿಯಲ್ಲಿ ನಾಲ್ಕನೆಯದಾಗಿ ಬರೆದಿದ್ದೇನೆ. ಮನೆಯೊಡತಿ ಈಗ ಇಲ್ಲ. ಬಾಗಿಲು ತೆರೆದಿದ್ದರೆ ಮೊದಲ ಮೆಟ್ಟಿಲಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಬಾ.

ಇಷ್ಟು ಬರೆಯುವಾಗ ಅಮ್ಮ ಒಳಗಿನಿಂದ “ಯಾರಿಗೆ ಅಷ್ಟುದ್ದ ಬರೆಯುತ್ತಿದ್ದೀ?” ಎಂದು ಕೇಳಿದಳು. ನಿನಗೆ ಎಂದೆ. ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲಿನವರೆಗೆ ಬಂದು ನಿಂತಳು.

“ಹೇಳಿದೆಯಾ?”

“ಹೇಳಿದೆ.”

“ಪೂರ್ತಿ?”

“ಪೂರ್ತಿ.”

ತಲೆಯಾಡಿಸಿ ನನ್ನ ಪಕ್ಕದಲ್ಲಿಯೇ ಕುಳಿತಿದ್ದಾಳೆ. ನಿನ್ನ ಫೋನ್ ಬರುವವರೆಗೆ ಏಳುವುದಿಲ್ಲವಂತೆ.

ನಿನ್ನ
ಅಮ್ಮ